ರೋಗಿಗೂ ಒಂದು ಕುರ್ಚಿ

"ಅಧ್ಯಕ್ಷರು ಡಾಕ್ಟ್ರು, ಉಪಾಧ್ಯಕ್ಷರೂ ಡಾಕ್ಟ್ರು, ಕಾರ್ಯದರ್ಶಿ ಮೆಡಿಕಲ್ ಸ್ಟೋರಿನವರು. ಇದರಲ್ಲಿ ದಿನಾ ಸೂಜಿ ಚುಚ್ಚಿಕೊಳ್ಳೋರ ಕಡೆಯವರು ಯಾರೋ?"

ಬೈಲಾ ಕರಡಿನ ಎರಡನೇ ಹಾಳೆಯ ಮೇಲೆ ಬೆರಳಿಟ್ಟು ಅತ್ತೆ ಕೇಳಿದ ಪ್ರಶ್ನೆ ಇದು. ಕರಡು ಬರೆದ ಅಳಿಯ ತುಮಕೂರಿನ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ಮಗಳಿಗೆ ಒಂಬತ್ತು ವರ್ಷ, ಟೈಪ್ 1 ಮಧುಮೇಹ. ಇದೇ ಕಾಯಿಲೆಯ ಮಕ್ಕಳಿರುವ ಮನೆಗಳನ್ನೆಲ್ಲ ಸೇರಿಸಿ ಒಂದು ಸಂಘ ಕಟ್ಟಬೇಕೆಂದು ಹೊರಟಿದ್ದಾನೆ. ಅತ್ತೆ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಕ್ಕರೆ ಕಾಯಿಲೆಯ ವೈದ್ಯೆಯಾಗಿ ದುಡಿದು ನಿವೃತ್ತರಾದವರು. ಅಲ್ಲಿನ ರಾಷ್ಟ್ರೀಯ ಸಂಸ್ಥೆಯಾದ ಡಯಾಬಿಟಿಸ್ ಯುಕೆಯ ಹಳೆಯ ಸದಸ್ಯೆ.

"ಡಾಕ್ಟ್ರ ಹೆಸರಿದ್ರೆ ಜನ ನಂಬ್ತಾರೆ ಅತ್ತೆ. ನಮ್ಮಂಥೋರ ಹೆಸರು ನೋಡಿ ಯಾರು ದುಡ್ಡು ಕೊಡ್ತಾರೆ?"

"ನಂಬ್ತಾರೆ, ಇಲ್ಲ ಅನ್ನಲ್ಲ. ಆದ್ರೆ ಆಮೇಲೆ ಅದು ಡಾಕ್ಟ್ರ ಸಂಘ ಆಗಿ ಕೂರುತ್ತೆ. ಅಮೆರಿಕದಲ್ಲಿ ಹಾಗೇ ಆಯ್ತು. 1940ರಲ್ಲಿ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಕಟ್ಟಿದವರು ವೈದ್ಯರು, ನಡೆಸಿದವರೂ ವೈದ್ಯರೇ. ಕಾಯಿಲೆ ಇರೋರಿಗೆ ಆಡಳಿತದ ಬಾಗಿಲು ತೆರೆಯೋ ಹೊತ್ತಿಗೆ 1970 ಹತ್ತಿರ ಬಂದಿತ್ತು. ಅದೇ 1970ರಲ್ಲಿ ಟೈಪ್ 1 ಮಕ್ಕಳ ಅಪ್ಪ-ಅಮ್ಮಂದಿರು ಬೇರೆ ಸಂಸ್ಥೆಯನ್ನೇ ಹುಟ್ಟುಹಾಕಿದ್ರು, ಸಂಶೋಧನೆಗೆ ದುಡ್ಡು ಕೂಡಿಸೋಕೆ. ಬಹಳ ವರ್ಷ ಜೆಡಿಆರ್‌ಎಫ್ ಅಂತಿದ್ದದ್ದು, ಈಗ ಬ್ರೇಕ್‌ಥ್ರೂ ಟಿ1ಡಿ."

"ನಿಮ್ಮ ಬ್ರಿಟನ್ನಿನಲ್ಲಿ ಹೇಗೆ ಶುರುವಾಯ್ತು?"

"ಇಬ್ಬರಿಂದ. ಒಬ್ಬರು ಡಾಕ್ಟ್ರು, ಇನ್ನೊಬ್ಬರು ಅವರ ಹತ್ತಿರ ಔಷಧಿ ತಗೋತಿದ್ದ ಕಾದಂಬರಿಕಾರ. ಇಬ್ಬರಿಗೂ ಸಕ್ಕರೆ ಕಾಯಿಲೆ."

ಆ ಡಾಕ್ಟರ ಹೆಸರು ರಾಬರ್ಟ್ ಡೇನಿಯಲ್ ಲಾರೆನ್ಸ್. 1892ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಹುಟ್ಟಿದವರು, ಅಲ್ಲೇ ವೈದ್ಯಕೀಯ ಓದಿದವರು. ಮೊದಲ ಮಹಾಯುದ್ಧದಲ್ಲಿ ಸೇನೆಯ ವೈದ್ಯರಾಗಿ ಭಾರತದ ಗಡಿಯಲ್ಲೂ ಕೆಲಸ ಮಾಡಿ, ಆಮಶಂಕೆ ಹಿಡಿಸಿಕೊಂಡು ಊರಿಗೆ ಮರಳಿದರು. 1920ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಕಿವಿಯ ಹಿಂದಿನ ಮೂಳೆಯ ಶಸ್ತ್ರಚಿಕಿತ್ಸೆಯನ್ನು ಶವದ ಮೇಲೆ ಅಭ್ಯಾಸ ಮಾಡುತ್ತಿದ್ದಾಗ ಮೂಳೆಯ ಚೂರೊಂದು ಸಿಡಿದು ಕಣ್ಣಿಗೆ ಬಡಿಯಿತು. ಕಣ್ಣಿನ ಸೋಂಕು ವಾಸಿಯಾಗದೇ ಹೋದಾಗ ಪರೀಕ್ಷೆ ಮಾಡಿದರು, ಮಧುಮೇಹ ಬಯಲಾಯಿತು. ಆಗ ಇದ್ದ ಚಿಕಿತ್ಸೆ ಒಂದೇ: ಉಪವಾಸಕ್ಕೆ ಹತ್ತಿರವಾದ ಪಥ್ಯ. ಅದು ಸಾವನ್ನು ಸ್ವಲ್ಪ ದಿನ ಮುಂದೂಡುತ್ತಿತ್ತು, ಅಷ್ಟೇ. ಮನೆಯವರ ಕಣ್ಣೆದುರು ಸಾಯುವುದು ಬೇಡವೆಂದು ಲಾರೆನ್ಸ್ ಇಟಲಿಯ ಫ್ಲಾರೆನ್ಸ್‌ಗೆ ಹೋದರು. ಅಲ್ಲಿದ್ದ ಇಂಗ್ಲಿಷರಿಗೆ ಔಷಧಿ ಕೊಡುತ್ತಾ ದಿನ ನೂಕಿದರು.

1923ರ ವಸಂತದಲ್ಲಿ ಕಿಂಗ್ಸ್ ಆಸ್ಪತ್ರೆಯ ಜೀವರಸಾಯನ ವಿಜ್ಞಾನಿ ಹ್ಯಾರಿಸನ್ ಅವರಿಂದ ತಂತಿ ಬಂತು. ಇನ್ಸುಲಿನ್ ಸಿಕ್ಕಿದೆ, ಕೆಲಸ ಮಾಡುತ್ತಿದೆ, ಬೇಗ ಬನ್ನಿ ಎಂಬುದು ಅದರ ತಾತ್ಪರ್ಯ. ಕೈಕಾಲಿನ ನರಗಳು ಸೋತಿದ್ದ ಆ ಮನುಷ್ಯ ಯುರೋಪನ್ನು ಕಾರಿನಲ್ಲೇ ದಾಟಿ ಲಂಡನ್ ಸೇರಿದರು. ಮೇ 31ರಂದು ಮೊದಲ ಇನ್ಸುಲಿನ್ ಬಿತ್ತು. ಅದಾದ ಮೇಲೆ ಅವರು ಬದುಕಿದ್ದು 45 ವರ್ಷ.

ಇನ್ಸುಲಿನ್ನಿನ ಕಥೆ ಹೇಳುವವರು ಸಾಮಾನ್ಯವಾಗಿ ಅದನ್ನು ಕಂಡುಹಿಡಿದ ಟೊರಾಂಟೊದಲ್ಲೇ ನಿಂತುಬಿಡುತ್ತಾರೆ. ಬ್ಯಾಂಟಿಂಗ್, ಬೆಸ್ಟ್, ನಾಯಿಗಳ ಮೇಲಿನ ಪ್ರಯೋಗ, ಒಂದೊಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟ ಪೇಟೆಂಟ್, ಅಲ್ಲಿಗೆ ಕಥೆ ಮುಗಿಯುತ್ತದೆ. ಬದುಕಿ ಉಳಿದವರ ಪಾಡು ಶುರುವಾಗುವುದು ಅಲ್ಲಿಂದಾಚೆ. ತಿಂಗಳುಗಳಲ್ಲಿ ಸಾಯುತ್ತಿದ್ದವರು ಈಗ ದಶಕಗಟ್ಟಲೆ ಬದುಕಬೇಕು. ಎಷ್ಟು ತಿಂದರೆ ಎಷ್ಟು ಮದ್ದು ಎಂಬ ಲೆಕ್ಕ ಕಲಿಯಬೇಕು, ಸೂಜಿ ಕುದಿಸಬೇಕು, ಕೆಲಸಕ್ಕೆ ಹೋಗಬೇಕು, ಕಾಯಿಲೆಯ ಹೆಸರು ಕೇಳಿ ಮಾಲೀಕರು ಹಿಂಜರಿದರೆ ವಾದಿಸಬೇಕು, ಮದ್ದಿನ ದುಡ್ಡು ಹೊಂದಿಸಬೇಕು. ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಬಂದದ್ದು 1948ರ ಜುಲೈಯಲ್ಲಿ. ಅಲ್ಲಿಯತನಕದ ಕಾಲು ಶತಮಾನ ಬಡ ರೋಗಿಯ ಪಾಲಿಗೆ ಇನ್ಸುಲಿನ್ ಇದ್ದೂ ಇಲ್ಲದಂತೆ ಆಗುವ ಭಯವಿತ್ತು. ರಾಷ್ಟ್ರಮಟ್ಟದ ಮಧುಮೇಹ ಸಂಘ ಎಂಬ ಕಲ್ಪನೆ ಹುಟ್ಟಿದ್ದು ಈ ಭಯದಲ್ಲಿ.

"ಮತ್ತೆ ಆ ಕಾದಂಬರಿಕಾರ?"

"ಎಚ್. ಜಿ. ವೆಲ್ಸ್."

"ಟೈಮ್ ಮಷೀನ್ ಬರೆದ ವೆಲ್ಸಾ?"

"ಅವರೇ. ಅರವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಬಂತು. ಲಾರೆನ್ಸ್ ಹತ್ತಿರ ಚಿಕಿತ್ಸೆ. 1933ರ ಜನವರಿಯಲ್ಲಿ ದಿ ಟೈಮ್ಸ್ ಪತ್ರಿಕೆಗೆ ಪತ್ರ ಬರೆದು, ಕಿಂಗ್ಸ್ ಆಸ್ಪತ್ರೆಯ ಮಧುಮೇಹ ವಿಭಾಗಕ್ಕೆ ದುಡ್ಡು ಕೊಡಿ ಅಂತ ಕೇಳಿದ್ರು. ಜನ ಕೊಟ್ರು. ಅದು ನೋಡಿ ಮುಂದಿನ ವರ್ಷ ಇನ್ನೊಂದು ಹೆಜ್ಜೆ. 1934ರ ಫೆಬ್ರವರಿ 10ನೇ ತಾರೀಕು, ಬೇಕರ್ ಸ್ಟ್ರೀಟಿನಲ್ಲಿದ್ದ ವೆಲ್ಸ್ ಮನೆಯಲ್ಲಿ ಮೊದಲ ಸಭೆ. ಹೆಸರು ಡಯಾಬಿಟಿಕ್ ಅಸೋಸಿಯೇಷನ್."

"ಅಂದ್ರೆ ಪ್ರಸಿದ್ಧರ ಹೆಸರು ಬಳಸಿಕೊಂಡ್ರು. ನಾನೂ ಅದನ್ನೇ ಮಾಡ್ತಿರೋದು, ಡಾಕ್ಟ್ರ ಹೆಸರು ಬಳಸಿಕೊಂಡು."

"ಬಳಸಿಕೊಂಡ್ರು, ಸರಿ. ಆದ್ರೆ ವೆಲ್ಸ್ ಅಲ್ಲಿ ಕೂತದ್ದು ರೋಗಿಯಾಗಿ. ಲಾರೆನ್ಸ್ ಕೂತದ್ದು ರೋಗಿಯೂ ಆದ ಡಾಕ್ಟ್ರಾಗಿ. ವೆಲ್ಸ್ ಸಂಘದ ಮೊದಲ ಅಧ್ಯಕ್ಷರು, ಲಾರೆನ್ಸ್ ಕಾರ್ಯಕಾರಿ ಮಂಡಳಿ ನಡೆಸಿದ್ರು. ನಿನ್ನ ಪಟ್ಟಿಯಲ್ಲಿ ರೋಗಿಯಾಗಿ ಕೂರೋರು ಎಲ್ಲಿದ್ದಾರೆ?"

ಅಳಿಯ ಪೆನ್ನು ತೆಗೆದು 'ಉಪಾಧ್ಯಕ್ಷರು' ಎಂಬ ಪದದ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ.

ಆ ಸಂಘದ ಉದ್ದೇಶಗಳನ್ನು ಇಂದು ಓದಿದರೂ ಅವುಗಳ ನೇರತನ ಮನಸ್ಸಿಗೆ ತಟ್ಟುತ್ತದೆ. ಬಡವ-ಬಲ್ಲಿದ ಎನ್ನದೆ ಮಧುಮೇಹವಿರುವ ಎಲ್ಲರಿಗೂ ಸದಸ್ಯತ್ವ, ಪರಸ್ಪರ ನೆರವು, ಕಾಯಿಲೆಯ ಅಧ್ಯಯನ, ತಿಳಿವಳಿಕೆಯ ಪ್ರಸಾರ, ಸರಿಯಾದ ಚಿಕಿತ್ಸೆ. 'ಪರಸ್ಪರ ನೆರವು' ಎಂದಾಗ ಕೊಡುವವರೂ ಪಡೆಯುವವರೂ ಒಂದೇ ಜನ. ಅದಕ್ಕೂ ಎಂಟು ವರ್ಷ ಮೊದಲು, 1926ರ ಮೇ ತಿಂಗಳಲ್ಲಿ, ಲಿಸ್ಬನ್ನಿನ ವೈದ್ಯ ಅರ್ನೆಸ್ಟೊ ರೋಮಾ ಜಗತ್ತಿನ ಮೊದಲ ಮಧುಮೇಹ ಸಂಘವನ್ನು ಸ್ಥಾಪಿಸಿದ್ದರು. ಬಡ ಮಧುಮೇಹಿಗಳ ರಕ್ಷಣೆ ಎಂಬ ಮಾತು ಅದರ ಹೆಸರಿನಲ್ಲೇ ಇತ್ತು, ಬಡವರಿಗೆ ಇನ್ಸುಲಿನ್ ಉಚಿತವಾಗಿ ಹಂಚುವುದು ಅದರ ಕೆಲಸವಾಗಿತ್ತು. ಅದೂ ದೊಡ್ಡ ಕೆಲಸವೇ. ನಮ್ಮ ನೆರೆಯ ಢಾಕಾದಲ್ಲಿ ಡಾ. ಮುಹಮ್ಮದ್ ಇಬ್ರಾಹಿಂ 1956ರಲ್ಲಿ ಕಟ್ಟಿದ ಸಂಘ ತಗಡಿನ ಸೂರಿನ ಕೆಳಗೆ ಶುರುವಾಗಿ, ಮುಂದೆ ಬಿರ್ಡೆಮ್ ಎಂಬ ಹೆಸರಿನ ದೊಡ್ಡ ಆಸ್ಪತ್ರೆಯಾಗಿ ಬೆಳೆದು, ಬಾಂಗ್ಲಾದೇಶದ ಜಿಲ್ಲೆ ಜಿಲ್ಲೆಗೂ ಕೊಂಬೆ ಚಾಚಿತು. ಭಾರತದಲ್ಲಿ ಡಯಾಬಿಟಿಕ್ ಅಸೋಸಿಯೇಷನ್ ಆಫ್ ಇಂಡಿಯಾ 1955ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಲಂಡನ್ನಿನ ಸಂಘ ಇವುಗಳಿಂದ ಬೇರೆಯಾಗಿ ಕಾಣುವುದು ಒಂದು ಕಾರಣಕ್ಕೆ. ಅದು ಆಸ್ಪತ್ರೆ ಕಟ್ಟಲಿಲ್ಲ. 1935ರ ಜನವರಿಯಲ್ಲಿ ಒಂದು ಪತ್ರಿಕೆ ಶುರುಮಾಡಿತು.

"ಪತ್ರಿಕೆ ಮಾಡಿ ಏನು ಉಪಯೋಗ?" ಅಳಿಯನಿಗೆ ಇದು ನಿಜಕ್ಕೂ ಅರ್ಥವಾಗಲಿಲ್ಲ. "ನಮಗೆ ಬೇಕಾಗಿರೋದು ಸ್ಟ್ರಿಪ್ಪು, ಪೆನ್ನಿನ ಸೂಜಿ, ಇನ್ಸುಲಿನ್ ಇಡೋಕೆ ಫ್ರಿಜ್ಜು ಇಲ್ಲದ ಮನೆಗೆ ಒಂದು ದಾರಿ."

"ನಿನ್ನ ಮಗಳಿಗೆ ಶುಗರ್ ಲೋ ಆದಾಗ ಏನು ಕೊಡಬೇಕು ಅಂತ ಮೊದಲು ಹೇಳಿಕೊಟ್ಟವರು ಯಾರು?"

ಅವನು ಸ್ವಲ್ಪ ಯೋಚಿಸಿದ. "ಶಿರಾದಲ್ಲಿ ಒಬ್ಬರ ಮಗನಿಗೂ ಇದೆ. ಆ ಹುಡುಗನ ತಾಯಿ. ಡಾಕ್ಟ್ರೂ ಹೇಳಿದ್ರು, ಆದ್ರೆ ತಲೆಗೆ ಹೋದದ್ದು ಅವರು ಹೇಳಿದಾಗಲೇ."

"ಆ ತಾಯಿಗೆ ಗೊತ್ತಿರೋದನ್ನ ಊರಿಗೆಲ್ಲ ಮುಟ್ಟಿಸೋದೇ ಪತ್ರಿಕೆ ಕೆಲಸ. ಅದು ಈಗಲೂ ಬ್ಯಾಲೆನ್ಸ್ ಅನ್ನೋ ಹೆಸರಲ್ಲಿ ಬರ್ತಿದೆ. ಇನ್ನೊಂದು ಕೆಲಸ ಸರ್ಕಾರದ ಹತ್ತಿರ ಹೋಗಿ ಕೇಳೋದು. ಎರಡನೇ ಮಹಾಯುದ್ಧದಲ್ಲಿ ರೇಷನ್ ಬಂತಲ್ಲ, ಸಕ್ಕರೆ ಕಾಯಿಲೆಯವರು ತಮ್ಮ ಸಕ್ಕರೆ ಪಾಲು ಬಿಟ್ಟುಕೊಟ್ಟು ಅದರ ಬದಲು ಹೆಚ್ಚು ಬೆಣ್ಣೆ, ಮಾಂಸ ತಗೋಬಹುದಿತ್ತು. 1987ರಲ್ಲಿ ಪ್ಲಾಸ್ಟಿಕ್ ಸಿರಿಂಜು, ಸೂಜಿ ಉಚಿತವಾಗಿ ಸಿಗೋ ಹಾಗಾಯ್ತು, ಸಂಘ ವರ್ಷಗಟ್ಟಲೆ ಹಟ ಹಿಡಿದ ಮೇಲೆ. ನೀನು ನೂರು ಮಕ್ಕಳಿಗೆ ಸ್ಟ್ರಿಪ್ಪು ಕೊಡಿಸಬಹುದು ಕಣೋ. ಸರ್ಕಾರ ಕೊಡೋ ಹಾಗೆ ಮಾಡಿದ್ರೆ ಎಲ್ಲ ಮಕ್ಕಳಿಗೂ ಸಿಗುತ್ತೆ."

ಆ ಸಂಘದ ಹೆಸರು ಎರಡು ಸಲ ಬದಲಾಗಿದೆ. 1954ರಲ್ಲಿ ಬ್ರಿಟಿಷ್ ಡಯಾಬಿಟಿಕ್ ಅಸೋಸಿಯೇಷನ್ ಆಯಿತು, 2000ದಲ್ಲಿ ಡಯಾಬಿಟಿಸ್ ಯುಕೆ. ಕಾನೂನಿನ ದಾಖಲೆಯಲ್ಲಿ ಇಂದಿಗೂ ಹಳೆಯ ಹೆಸರೇ ಇದೆ, ಹೊಸದು ವ್ಯವಹಾರಕ್ಕೆ ಇಟ್ಟುಕೊಂಡದ್ದು. ಲಂಡನ್ನಿನ ಕಚೇರಿಯ ಕಟ್ಟಡಕ್ಕೆ ವೆಲ್ಸ್ ಲಾರೆನ್ಸ್ ಹೌಸ್ ಎಂದು ಹೆಸರಿಟ್ಟರು.

ಕಾನೂನಿನ ರೂಪದ ಬಗ್ಗೆ ಅತ್ತೆ ಹೆಚ್ಚು ಹೊತ್ತು ಮಾತಾಡಿದರು, ಏಕೆಂದರೆ ಅಳಿಯನ ಕರಡಿನಲ್ಲಿ ಅತ್ಯಂತ ತೆಳುವಾಗಿದ್ದದ್ದು ಆ ಭಾಗವೇ. ಡಯಾಬಿಟಿಸ್ ಯುಕೆ ಒಂದು ಕಂಪನಿ, ಆದರೆ ಷೇರುದಾರರಿಲ್ಲದ ಕಂಪನಿ. ಲಾಭ ಹಂಚುವಂತಿಲ್ಲ. ಸಂಸ್ಥೆ ಮುಳುಗಿದರೆ ಸದಸ್ಯರು ಒಂದು ಸಣ್ಣ ಮೊತ್ತಕ್ಕೆ ಮಾತ್ರ ಹೊಣೆ. ಅದೇ ಹೊತ್ತಿಗೆ ಅದು ನೋಂದಾಯಿತ ದತ್ತಿ ಸಂಸ್ಥೆಯೂ ಹೌದು. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಚಾರಿಟಿ ಕಮಿಷನ್, ಸ್ಕಾಟ್ಲೆಂಡಿಗೆ ಅಲ್ಲಿನದೇ ನಿಯಂತ್ರಕ ಸಂಸ್ಥೆ, ಎರಡೂ ಕಡೆ ಲೆಕ್ಕ ಒಪ್ಪಿಸಬೇಕು. 1853ರ ಕಾನೂನಿನಿಂದ ಹುಟ್ಟಿದ ಚಾರಿಟಿ ಕಮಿಷನ್ ಇಂದು ದತ್ತಿಗಳು ಸಲ್ಲಿಸಿದ ವಾರ್ಷಿಕ ಲೆಕ್ಕವನ್ನು ಯಾರು ಬೇಕಾದರೂ ನೋಡುವಂತೆ ಸಾರ್ವಜನಿಕವಾಗಿ ಇಡುತ್ತದೆ. ವರ್ಷಕ್ಕೆ 60,000 ಪೌಂಡ್‌ಗಿಂತ ಹೆಚ್ಚು ಸಂಬಳ ಪಡೆಯುವ ನೌಕರರು ಎಷ್ಟು ಜನ ಎಂಬುದನ್ನು ದೊಡ್ಡ ದತ್ತಿಗಳು ವರದಿಯಲ್ಲಿ ಹೇಳಲೇಬೇಕು.

"ಸಂಬಳವೂ ಬರೀಬೇಕಾ?" 

"ಬರೀಬೇಕು. ಸಂಬಳ ಇರೋದು ನೌಕರರಿಗೆ. ಮೇಲೆ ಕೂತಿರೋ ಟ್ರಸ್ಟಿಗಳಿಗೆ ಒಂದು ಕಾಸೂ ಇಲ್ಲ. ಓಡಾಟದ ಖರ್ಚು ತಗೊಂಡ್ರೆ ಅದನ್ನೂ ಲೆಕ್ಕದಲ್ಲಿ ತೋರಿಸಬೇಕು."

"ಸಂಬಳ ಇಲ್ದೆ ಯಾರು ಬರ್ತಾರೆ?"

"ಬರ್ತಾರೆ. ಜಾಹೀರಾತು ಕೊಟ್ಟು ಅರ್ಜಿ ಕರೀತಾರೆ. ಕಾಯಿಲೆ ಇರೋರು ಬೇಕು, ಕಾಯಿಲೆ ನೋಡೋರು ಬೇಕು, ಲೆಕ್ಕ-ಕಾನೂನು ಬಲ್ಲವರೂ ಬೇಕು. ಇದೇ ನಿನಗೆ ನಾನು ಹೇಳೋಕೆ ಹೊರಟಿರೋದು. ಮಂಡಳಿಯಲ್ಲಿ ಮೂರು ಥರದ ಜನ ಇದ್ರೆ ಒಬ್ಬರು ತಪ್ಪಿದಾಗ ಇನ್ನೊಬ್ಬರಿಗೆ ಗೊತ್ತಾಗುತ್ತೆ. ಡಾಕ್ಟ್ರೊಬ್ಬರೇ ಇದ್ರೆ ಲೆಕ್ಕ ತಪ್ಪುತ್ತೆ, ಲೆಕ್ಕದವರೊಬ್ಬರೇ ಇದ್ರೆ ಕಾಯಿಲೆ ಮರೆತುಹೋಗುತ್ತೆ, ಬರೀ ಪೋಷಕರೇ ಇದ್ರೆ..." ಅತ್ತೆ ಮಾತು ನಿಲ್ಲಿಸಿ ಅಳಿಯನ ಮುಖ ನೋಡಿದರು. "ತಮ್ಮ ಮಗುವಿನ ಆಚೆ ನೋಡೋದು ಕಷ್ಟ ಆಗುತ್ತೆ."

ಅವನು ಅದಕ್ಕೆ ಎದುರಾಡಲಿಲ್ಲ.

ಟ್ರಸ್ಟಿಗಳು ದಿನನಿತ್ಯದ ಕೆಲಸ ಮಾಡುವುದಿಲ್ಲ. ಅದಕ್ಕೆ ಮುಖ್ಯ ಕಾರ್ಯನಿರ್ವಾಹಕರು, ಅವರ ಕೈಕೆಳಗೆ ನೌಕರರು. ಟ್ರಸ್ಟಿಗಳ ಕೆಲಸವೆಂದರೆ ದಿಕ್ಕು ಗೊತ್ತುಮಾಡುವುದು, ಆಯವ್ಯಯಕ್ಕೆ ಒಪ್ಪಿಗೆ ಕೊಡುವುದು, ಕಾರ್ಯನಿರ್ವಾಹಕರನ್ನು ನೇಮಿಸುವುದು, ಅವರನ್ನು ಪ್ರಶ್ನೆ ಕೇಳುವುದು. ಸಂಸ್ಥೆಯ ಉದ್ದೇಶ ಬಿಟ್ಟು ಆಚೆ ಹೋಗಬಾರದು, ಹಣವನ್ನು ಜವಾಬ್ದಾರಿಯಿಂದ ನೋಡಿಕೊಳ್ಳಬೇಕು, ಸಂಸ್ಥೆಯ ಹಿತವನ್ನೇ ಮುಂದಿಡಬೇಕು ಎಂಬ ಕರ್ತವ್ಯಗಳನ್ನು ಕಾನೂನೇ ಅವರ ಮೇಲೆ ಹೊರಿಸಿದೆ. ಮಂಡಳಿಯ ಕೆಳಗೆ ಆರೋಗ್ಯ ವೃತ್ತಿಯವರ ಸಲಹಾ ಮಂಡಳಿ, ಕಾಯಿಲೆಯೊಂದಿಗೆ ಬದುಕುವವರ ಸಲಹಾ ಮಂಡಳಿ, ಸಂಶೋಧನಾ ಸಮಿತಿ ಎಂಬ ವ್ಯವಸ್ಥೆಗಳು ಬೆಳೆದು ಬಂದಿವೆ. ಸಂಶೋಧನೆಗೆ ಬಂದ ಅರ್ಜಿಗಳನ್ನು ಹೊರಗಿನ ವಿಜ್ಞಾನಿಗಳು ತೂಗಿ ನೋಡುತ್ತಾರೆ. ಜೊತೆಗೆ ಮಧುಮೇಹವಿರುವ ಸಾಮಾನ್ಯ ಜನರ ತಂಡವೊಂದು ಓದಿ, ಈ ಅಧ್ಯಯನದಿಂದ ನಮ್ಮ ಬದುಕಿಗೆ ಏನಾದರೂ ಬಂದೀತೇ ಎಂದು ಹೇಳುತ್ತದೆ.

"ಅದೆಲ್ಲ ಕಾಗದದ ಮೇಲೆ ಚೆನ್ನಾಗಿರುತ್ತೆ," ಅಂದ ಅಳಿಯ. "ಇಲ್ಲಿ ಒಬ್ಬರು ಅಧ್ಯಕ್ಷರಾದ್ರೆ ಸಾಯೋತನಕ ಅವರೇ."

"ಅಲ್ಲೂ ಹಾಗಿತ್ತು. ಲಾರೆನ್ಸ್ ಎರಡು ದಶಕಕ್ಕೂ ಹೆಚ್ಚು ಕಾಲ ಕಾರ್ಯಕಾರಿ ಮಂಡಳಿಯ ಚುಕ್ಕಾಣಿ ಹಿಡಿದಿದ್ರು. 1950ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಹುಟ್ಟಿದಾಗ ಅದಕ್ಕೂ ಅವರೇ ಮೊದಲ ಅಧ್ಯಕ್ಷರು. ಅವರು ಒಳ್ಳೆಯವರು, ಅದೃಷ್ಟ. ಅದೃಷ್ಟ ನಂಬಿಕೊಂಡು ಬೈಲಾ ಬರೆಯೋಕಾಗಲ್ಲ. ಈಗ ಅಲ್ಲಿನ ದತ್ತಿಗಳ ಆಡಳಿತ ಸಂಹಿತೆ ಏನು ಹೇಳುತ್ತೆ ಗೊತ್ತಾ? ಯಾವ ಟ್ರಸ್ಟಿಯಾದ್ರೂ ಒಂಬತ್ತು ವರ್ಷಕ್ಕಿಂತ ಹೆಚ್ಚು ಇರಬೇಕಾದ್ರೆ ಅದಕ್ಕೆ ಗಟ್ಟಿ ಕಾರಣ ಕೊಡಬೇಕು. ನಿನ್ನ ಕರಡಿನಲ್ಲಿ ಅವಧಿಯೇ ಇಲ್ಲ."

"ಮೂರು ವರ್ಷ ಅಂತ ಹಾಕ್ತೀನಿ."

"ಎಷ್ಟು ಸಲ?"

"ಎರಡು ಸಲ."

"ಹಾಕು. ಕೂತು ಎದ್ದು ಮತ್ತೆ ಕೂರೋ ಆಟ ಆಗದ ಹಾಗೆ, ನಡುವೆ ಎಷ್ಟು ವರ್ಷ ಬಿಡುವು ಅಂತಾನೂ ಬರಿ."

ಇದಾದ ಮೇಲೆ ಅತ್ತೆ ಹೇಳಿದ ಘಟನೆ ಈ ಬರಹಕ್ಕೆ ಮುಖ್ಯವಾದದ್ದು. ತಾವು ಮೆಚ್ಚುವ ಸಂಸ್ಥೆಯ ಬಗ್ಗೆಯೇ ಆದರೂ ಅದನ್ನು ಅವರು ಮುಚ್ಚಿಡಲಿಲ್ಲ.

ಹಂದಿ ಮತ್ತು ದನದ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದ ಇನ್ಸುಲಿನ್ನಿನ ಜಾಗಕ್ಕೆ 1982ರಿಂದ ಪ್ರಯೋಗಾಲಯದಲ್ಲಿ ತಯಾರಾದ 'ಮಾನವ' ಇನ್ಸುಲಿನ್ ಬರತೊಡಗಿತು. ಕೆಲವೇ ವರ್ಷಗಳಲ್ಲಿ ಬ್ರಿಟನ್ನಿನ ಬಹುತೇಕ ರೋಗಿಗಳನ್ನು ಹೊಸದಕ್ಕೆ ಬದಲಾಯಿಸಲಾಯಿತು. ಆಗ ದೂರುಗಳು ಶುರುವಾದವು. ಸಕ್ಕರೆ ಇಳಿಯುವ ಮುನ್ನ ಬರುತ್ತಿದ್ದ ಬೆವರು, ನಡುಕ ಈಗ ಬರುತ್ತಿಲ್ಲ, ಸೂಚನೆಯೇ ಇಲ್ಲದೆ ಎಚ್ಚರ ತಪ್ಪುತ್ತಿದೆ ಎಂದು ರೋಗಿಗಳು ಬರೆದರು. ಬ್ರಿಟಿಷ್ ಡಯಾಬಿಟಿಕ್ ಅಸೋಸಿಯೇಷನ್‌ಗೆ ಬಂದದ್ದು ಸುಮಾರು 3,000 ಪತ್ರಗಳು. ಸಂಸ್ಥೆ ಅವುಗಳ ಅಧ್ಯಯನ ಮಾಡಿಸಿತು, 1993ರಲ್ಲಿ ವರದಿ ಸಿದ್ಧವಾಯಿತು. ಆದರೆ ಜನರಲ್ಲಿ ಗಾಬರಿ ಹುಟ್ಟಿಸೀತು ಎಂದು ಅದನ್ನು ಪ್ರಕಟಿಸಲಿಲ್ಲ. ಪತ್ರಿಕೆಗಳಲ್ಲಿ ವಿಷಯ ಬಯಲಾದದ್ದು 1999ರಲ್ಲಿ. ಅಷ್ಟರಲ್ಲೇ, 1994ರಲ್ಲಿ, ಅಸಮಾಧಾನಗೊಂಡ ರೋಗಿಗಳು ಮತ್ತು ಅವರ ಮನೆಯವರು ಬೇರೆ ದತ್ತಿಯೊಂದನ್ನು ಕಟ್ಟಿಕೊಂಡಿದ್ದರು: ಇನ್ಸುಲಿನ್ ಡಿಪೆಂಡೆಂಟ್ ಡಯಾಬಿಟಿಸ್ ಟ್ರಸ್ಟ್. ಔಷಧಿ ಕಂಪನಿಗಳಿಂದ ಹಣ ತೆಗೆದುಕೊಳ್ಳುವುದಿಲ್ಲ ಎಂಬುದು ಆ ಟ್ರಸ್ಟಿನ ನಿಯಮ.

"ಅಂದ್ರೆ ಹೊಸ ಇನ್ಸುಲಿನ್ ಕೆಟ್ಟದ್ದಾಗಿತ್ತಾ?"

"ಇಲ್ಲ. ಆಮೇಲೆ ಎಷ್ಟೋ ಪ್ರಯೋಗಗಳನ್ನ ಒಟ್ಟಿಗೆ ಇಟ್ಟು ನೋಡಿದ ವಿಮರ್ಶೆಗಳಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ಕಾಣಲಿಲ್ಲ. ಆದ್ರೆ ಪತ್ರ ಬರೆದವರಿಗೆ ಅನುಭವ ಆಗಿದ್ದಂತೂ ನಿಜ. ಅವರಲ್ಲಿ ಕೆಲವರಿಗೆ ಹಳೆಯದೇ ಒಗ್ಗುತ್ತಿತ್ತು. 'ನೀವು ಬರೆದದ್ದನ್ನ ಓದಿದ್ದೀವಿ, ನಮಗೆ ಸಿಕ್ಕಿದ್ದು ಇಷ್ಟು, ಇನ್ನೂ ಗೊತ್ತಿಲ್ಲದ್ದು ಇಷ್ಟು' ಅಂತ ಹೇಳಬೇಕಿತ್ತು. ಅಷ್ಟು ಹೇಳೋಕೆ ವಿಜ್ಞಾನ ಮುಗಿಯೋತನಕ ಕಾಯಬೇಕಾಗಿರಲಿಲ್ಲ."

"ರೋಗಿಗಳೇ ಕಟ್ಟಿದ ಸಂಸ್ಥೆ ರೋಗಿಗಳ ಮಾತನ್ನೇ ಬೀರುವಿನಲ್ಲಿ ಇಟ್ಟುಬಿಡ್ತಾ?"

"ಇಟ್ಟಿತ್ತು. ವೆಲ್ಸ್, ಲಾರೆನ್ಸ್ ಹೆಸರು ಇಟ್ಟುಕೊಂಡೇ ಇಟ್ಟಿತ್ತು. ಅದಕ್ಕೇ ಹೇಳೋದು, ಶುರು ಮಾಡಿದವರು ಯಾರು ಅನ್ನೋದಷ್ಟೇ ಸಾಲದು. ಇವತ್ತು ಕೂತಿರೋರು ಯಾರು, ಅವರನ್ನ ಕೇಳೋ ಹಕ್ಕು ಯಾರಿಗಿದೆ, ಕೇಳಿದ್ದಕ್ಕೆ ಎಷ್ಟು ದಿನದಲ್ಲಿ ಉತ್ತರ ಕೊಡಬೇಕು, ಇದನ್ನೆಲ್ಲ ಬರೆದಿಡಬೇಕು."

ಈ ಮಾತನ್ನು ಒಪ್ಪದವರೂ ಇರಬಹುದು. ಮೂರು ಸಾವಿರ ಪತ್ರ ಒಂದು ವೈಜ್ಞಾನಿಕ ಪುರಾವೆಯಲ್ಲ, ಅದನ್ನು ಪ್ರಕಟಿಸಿ ಲಕ್ಷಾಂತರ ಜನ ಔಷಧಿ ಬಿಟ್ಟಿದ್ದರೆ ಗತಿಯೇನು ಎಂಬ ವಾದಕ್ಕೆ ತೂಕವಿದೆ. ಇನ್ಸುಲಿನ್ ಬಿಟ್ಟರೆ ಟೈಪ್ 1 ರೋಗಿ ದಿನಗಳಲ್ಲಿ ಸಾಯಬಹುದು. ಆದರೂ ಹೆದರಿಕೆಯ ಹೆಸರಿನಲ್ಲಿ ಮಾಹಿತಿ ತಡೆಹಿಡಿದರೆ ಮುಂದೆ ಸತ್ಯ ಹೇಳಿದಾಗಲೂ ಯಾರೂ ನಂಬುವುದಿಲ್ಲ. ನಂಬಿಕೆ ಹೋದ ದತ್ತಿ ಸಂಸ್ಥೆಯ ಸಹಾಯವಾಣಿಗೆ ನಡುರಾತ್ರಿ ಯಾರು ಕರೆ ಮಾಡಿಯಾರು?

ಇನ್ನೊಂದು ಒಡಕು ಕಾಯಿಲೆಯ ಒಳಗೇ ಇದೆ. ಬ್ರಿಟನ್ನಿನಲ್ಲಿ ಮಧುಮೇಹ ಪತ್ತೆಯಾದವರೇ 40 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಟೈಪ್ 2. ಟೈಪ್ 1 ಇರುವವರು ಶೇ. 8ರಷ್ಟು. ಇವೆರಡು ಬೇರೆ ಬೇರೆ ಎಂದು ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ 1936ರಲ್ಲೇ ತೋರಿಸಿದ್ದರು. ಸಂಘದ ಇಬ್ಬರು ಸ್ಥಾಪಕರೂ ಈ ಎರಡು ಬದಿಯವರು: ಇನ್ಸುಲಿನ್ ಇಲ್ಲದೆ ಬದುಕಲಾರದ ಲಾರೆನ್ಸ್, ಇಳಿವಯಸ್ಸಿನಲ್ಲಿ ಕಾಯಿಲೆ ಬಂದ ವೆಲ್ಸ್. ಸಂಖ್ಯೆಯ ಲೆಕ್ಕದಲ್ಲಿ ನೋಡಿದರೆ ಹಣ, ಪ್ರಚಾರ ಎಲ್ಲ ಟೈಪ್ 2 ಕಡೆಗೆ ಹರಿಯಬೇಕು. ತೂಕ ಇಳಿಸಿ, ನಡೆಯಿರಿ ಎಂಬ ಪ್ರಚಾರ ಕೇಳಿದ ನೆರೆಯವರು ಟೈಪ್ 1 ಮಗುವಿನ ತಾಯಿಗೆ, ಸಿಹಿ ಜಾಸ್ತಿ ಕೊಟ್ಟಿದ್ದಿರೇನೋ ಎಂದು ಕೇಳುತ್ತಾರೆ. ಅಳಿಯನ ಹೆಂಡತಿ ಈ ಮಾತನ್ನು ಮದುವೆಮನೆಯೊಂದರಲ್ಲಿ ಕೇಳಿ ಊಟ ಬಿಟ್ಟು ಎದ್ದು ಬಂದಿದ್ದಳು. ಹಾಗಾದರೆ ಎರಡೂ ಕಾಯಿಲೆಗೆ ಒಂದೇ ಸಂಸ್ಥೆ ಬೇಕೆ ಎಂದು ಅವನು ಕೇಳಿದ್ದರಲ್ಲಿ ಆ ನೋವೂ ಇತ್ತು.

"ಬೇಕು ಅನ್ನೋದು ನನ್ನ ಅಭಿಪ್ರಾಯ," ಅಂದರು ಅತ್ತೆ. "ಡಯಾಬಿಟಿಸ್ ಯುಕೆ ದುಡ್ಡು ಹಾಕಿದ ಡೈರೆಕ್ಟ್ ಅನ್ನೋ ಅಧ್ಯಯನ ನೋಡು. ನ್ಯೂಕ್ಯಾಸಲ್‌ನ ರಾಯ್ ಟೇಲರ್, ಗ್ಲಾಸ್ಗೋದ ಮೈಕ್ ಲೀನ್ ನಡೆಸಿದ್ದು. ಟೈಪ್ 2 ಇರೋ ಸುಮಾರು 300 ಜನ ಇದ್ರು. ಅವರಲ್ಲಿ ಅರ್ಧ ಜನಕ್ಕೆ ಕೆಲವು ತಿಂಗಳು ಕಡಿಮೆ ಕ್ಯಾಲೊರಿಯ ಸೂಪು-ಶೇಕು ಕೊಟ್ಟು ತೂಕ ಇಳಿಸಿದ್ರು. ವರ್ಷ ಕಳೆದಾಗ, ತೂಕ ಇಳಿಸಿದ ಗುಂಪಿನಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಮಾತ್ರೆ ಇಲ್ಲದೇನೇ ಸಕ್ಕರೆ ಮಧುಮೇಹದ ಮಟ್ಟಕ್ಕಿಂತ ಕೆಳಗಿತ್ತು. 2017ರ ಡಿಸೆಂಬರಿನಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಇಂಗ್ಲೆಂಡಿನ ಆರೋಗ್ಯ ಸೇವೆ ಅದನ್ನೇ ಯೋಜನೆ ಮಾಡಿಕೊಂಡಿತು. ಸೂಪು-ಶೇಕಿನಿಂದ ತೂಕ ಇಳಿಸೋ ಪ್ರಯೋಗಕ್ಕೆ ಯಾವ ಔಷಧಿ ಕಂಪನಿ ಮುಂದೆ ಬರುತ್ತೆ ಹೇಳು? ದತ್ತಿಯೇ ಹಾಕಬೇಕು. ಇನ್ನೊಂದು ಕಡೆ, ತೋಳಿಗೆ ಅಂಟಿಸೋ ಶುಗರ್ ಸೆನ್ಸರ್ ಟೈಪ್ 1 ಇರೋರಿಗೆ ಸಿಗಬೇಕು ಅಂತ ಹೋರಾಡಿದ್ದೂ ಅದೇ ಸಂಸ್ಥೆ. ಒಂದು ಊರಲ್ಲಿ ಸಿಗ್ತಿತ್ತು, ಪಕ್ಕದ ಊರಲ್ಲಿ ಇಲ್ಲ. 2022ರ ಹೊತ್ತಿಗೆ ಟೈಪ್ 1 ಇರೋ ವಯಸ್ಕರಿಗೆಲ್ಲ ಕೊಡಬೇಕು ಅಂತ ಮಾರ್ಗಸೂಚಿಯೇ ಬಂತು. ಒಟ್ಟಿಗಿದ್ರೆ ದನಿ ದೊಡ್ಡದು. ಆದ್ರೆ ಚಿಕ್ಕ ಗುಂಪಿಗೆ ಕಾಯಂ ಜಾಗ ಬರೆದಿಡದೆ ಒಟ್ಟಿಗೆ ಇರಿ ಅಂದ್ರೆ ಅದು ನ್ಯಾಯ ಅಲ್ಲ."

ಅತ್ತೆಯಂಥ ವಲಸೆಗಾರರಿಗೆ ಈ ಪ್ರಾತಿನಿಧ್ಯದ ಮಾತು ಇನ್ನೂ ಹತ್ತಿರದ್ದು. ಲಂಡನ್ನಿನ ಸೌತಾಲ್‌ನಲ್ಲಿ ಮನೆ ಮನೆಗೆ ಹೋಗಿ ಮಾಡಿದ, 1985ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಅಲ್ಲಿನ ಏಷ್ಯನ್ನರಲ್ಲಿ ಮಧುಮೇಹ ಯುರೋಪಿಯನ್ನರಿಗಿಂತ ಸುಮಾರು ನಾಲ್ಕು ಪಟ್ಟು ಕಂಡಿತ್ತು. ಪಥ್ಯದ ಕೈಪಿಡಿಯಲ್ಲಿ ಬ್ರೆಡ್ಡು, ಆಲೂಗೆಡ್ಡೆಯ ಲೆಕ್ಕವಷ್ಟೇ ಇದ್ದರೆ ಚಪಾತಿ, ಅನ್ನ, ಮುದ್ದೆ ತಿನ್ನುವವರು ಏನು ಮಾಡಬೇಕು? ಅಂಥ ಪ್ರಶ್ನೆ ಕೇಳಲು ಸಭೆಯಲ್ಲಿ ಅವನ್ನು ತಿನ್ನುವವರೊಬ್ಬರು ಇರಬೇಕಾಗುತ್ತದೆ.

ಹಣದ ಮಾತು ಕೊನೆಗೆ ಬಂತು, ಆದರೆ ಬೇಗ ಮುಗಿಯಲಿಲ್ಲ. ದಾನಿ ಸಂಶೋಧನೆಗೆಂದು ಕೊಟ್ಟ ಹಣವನ್ನು ಕಚೇರಿಯ ಬಾಡಿಗೆಗೆ ತಿರುಗಿಸುವಂತಿಲ್ಲ, ಅದರ ಲೆಕ್ಕ ಬೇರೆಯೇ ಇಡಬೇಕು. ಕಷ್ಟಕಾಲಕ್ಕೆ ಮೀಸಲು ಹಣ ಇಡಬೇಕು. 1996ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಬಡ ಮಕ್ಕಳ ಪಾಲಿಗೆ ದೊಡ್ಡ ಹೆಸರಾಗಿದ್ದ ಕಿಡ್ಸ್ ಕಂಪನಿ 2015ರ ಆಗಸ್ಟಿನಲ್ಲಿ ಬಾಗಿಲು ಹಾಕಿದಾಗ ಅದರ ಕೈಯಲ್ಲಿ ಮೀಸಲು ಎನ್ನುವಂಥದ್ದು ಇರಲಿಲ್ಲ. ಅದನ್ನು ನಂಬಿದ್ದ ಮಕ್ಕಳು ಒಂದೇ ದಿನಕ್ಕೆ ಬೀದಿಗೆ ಬಿದ್ದರು.

"ಕಂಪನಿಗಳ ದುಡ್ಡು?" ಅಳಿಯ ಕೇಳಿದ. "ಒಬ್ಬ ಡೀಲರ್ ನಮ್ಮ ಶಿಬಿರಕ್ಕೆ ಐವತ್ತು ಗ್ಲುಕೋಮೀಟರ್ ಪುಕ್ಕಟೆ ಕೊಡ್ತೀನಿ ಅಂದಿದ್ದಾನೆ."

"ಮೀಟರ್ ಪುಕ್ಕಟೆ, ಸ್ಟ್ರಿಪ್ಪಿಗೆ ಜೀವಮಾನವೆಲ್ಲ ದುಡ್ಡು. ಅದು ಗೊತ್ತಲ್ವಾ ನಿನಗೆ."

"ಗೊತ್ತು. ಆದ್ರೂ ಮೀಟರೇ ಇಲ್ಲದ ಮನೆಗಳಿವೆ."

"ಇವೆ. ಅದಕ್ಕೇ ಬೇಡ ಅಂತ ಒಂದೇ ಮಾತಿಗೆ ಹೇಳಲ್ಲ. ಡಯಾಬಿಟಿಸ್ ಯುಕೆ ಕೂಡ ಕಂಪನಿಗಳ ಜೊತೆ ಕೈ ಜೋಡಿಸುತ್ತೆ. 2018ರಲ್ಲಿ ತಂಪು ಪಾನೀಯದ ಬ್ರಿಟ್ವಿಕ್ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡಾಗ ಎಷ್ಟೊಂದು ವೈದ್ಯರು, ಪೌಷ್ಟಿಕ ತಜ್ಞರು ತಿರುಗಿಬಿದ್ರು. ಸಕ್ಕರೆ ಕಾಯಿಲೆಯ ಸಂಸ್ಥೆಗೆ ಸಿಹಿ ನೀರು ಮಾರೋರ ದುಡ್ಡಾ ಅಂತ. ನನಗೂ ಅದು ಸರಿ ಕಾಣಲಿಲ್ಲ. ಆದ್ರೆ ಆ ಜಗಳ ನಡೆಯೋಕಾಗಿದ್ದು ಯಾಕೆ? ಒಪ್ಪಂದ ಎಲ್ಲರಿಗೂ ಗೊತ್ತಿತ್ತು ಅದಕ್ಕೆ. ಗುಟ್ಟಾಗಿ ತಗೊಂಡಿದ್ರೆ ಜಗಳವೂ ಇಲ್ಲ, ತಿದ್ದೋಕೆ ದಾರಿಯೂ ಇಲ್ಲ."

ಅಳಿಯನ ಸಂಘಕ್ಕೆ ಅನ್ವಯಿಸುವ ಕರ್ನಾಟಕ ಸೊಸೈಟಿಗಳ ನೋಂದಣಿ ಕಾಯಿದೆ 1960ರದ್ದು. ಏಳು ಜನ ಸೇರಿ ಉದ್ದೇಶ ಪತ್ರ, ನಿಯಮಾವಳಿ ಬರೆದು ರಿಜಿಸ್ಟ್ರಾರ್ ಕಚೇರಿಗೆ ಕೊಟ್ಟರೆ ಸಂಘ ಹುಟ್ಟುತ್ತದೆ. ಆಮೇಲೆ ಪ್ರತಿ ವರ್ಷ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ಸಲ್ಲಿಸಬೇಕು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ ಮಧುಮೇಹಿಗಳು 10 ಕೋಟಿ ದಾಟಿದ್ದಾರೆ. ಅಷ್ಟು ದೊಡ್ಡ ಲೆಕ್ಕದಲ್ಲಿ ತುಮಕೂರಿನ ಟೈಪ್ 1 ಮಕ್ಕಳು ಕಣ್ಣಿಗೇ ಬೀಳುವುದಿಲ್ಲ. ಅಂಥವರಿಗಾಗಿ ಹುಟ್ಟುವ ಸಂಘದ ನಿಯಮಾವಳಿಯನ್ನು ಬೇರೆ ಯಾವುದೋ ಸಂಘದ ಪ್ರತಿಯಿಂದ ಹೆಸರು ಬದಲಾಯಿಸಿ ನಕಲು ಮಾಡಿಕೊಳ್ಳುವುದು ಸುಲಭ. ಅಳಿಯನೂ ಮೊದಲು ಹಾಗೆಯೇ ಮಾಡಿದ್ದ.

ಅವನೀಗ ಹೊಸ ಹಾಳೆ ತೆಗೆದು ಬರೆಯುತ್ತಿದ್ದ. ಮಂಡಳಿಯಲ್ಲಿ ಒಂಬತ್ತು ಜನ. ಅವರಲ್ಲಿ ಕನಿಷ್ಠ ಐವರು ಮಧುಮೇಹ ಇರುವವರು ಅಥವಾ ಅಂಥ ಮಕ್ಕಳ ಪೋಷಕರು. ಹದಿನೆಂಟು ತುಂಬಿದ, ಚಿಕ್ಕಂದಿನಿಂದ ಟೈಪ್ 1 ಇರುವ ಒಬ್ಬರಿಗೆ ಕಾಯಂ ಜಾಗ. ವೈದ್ಯರು ಇಬ್ಬರು. ಸದಸ್ಯರು ಬರೆದ ದೂರಿಗೆ ಮೂವತ್ತು ದಿನದಲ್ಲಿ ಲಿಖಿತ ಉತ್ತರ.

"ಆ ಡೀಲರ್‌ಗೂ ನಿಮ್ಮ ಸಮಿತಿಯವರಿಗೂ ಏನಾದ್ರೂ ನೆಂಟಸ್ತನ ಇದೆಯಾ?" ಅತ್ತೆ ಕೇಳಿದರು.

"ಖಜಾಂಚಿಯ ಭಾವಮೈದ."

"ಹಾಗಾದ್ರೆ ಆ ವಿಷಯ ಚರ್ಚೆಗೆ ಬಂದಾಗ ಖಜಾಂಚಿ ಎದ್ದು ಹೊರಗೆ ಹೋಗಬೇಕು. ಹೋದ್ರು ಅಂತ ನಡಾವಳಿ ಪುಸ್ತಕದಲ್ಲಿ ಬರೀಬೇಕು."

"ಬೇಜಾರು ಮಾಡ್ಕೋತಾರೆ ಅತ್ತೆ. ನಮ್ಮ ಸ್ಕೂಲಿನವರೇ, ದಿನಾ ಮುಖ ನೋಡಬೇಕು."

"ಮಾಡ್ಕೊಳ್ಳಲಿ. ನಿಯಮ ಅವರೊಬ್ಬರಿಗಲ್ಲ, ಎಲ್ಲರಿಗೂ ಅಂತ ಮೊದಲೇ ಹೇಳಿಬಿಡು. ನಾಳೆ ನಿನ್ನ ಮಗಳ ಇನ್ಸುಲಿನ್ ಪಂಪಿನ ವಿಷಯ ಬಂದ್ರೆ ಹೊರಗೆ ಹೋಗಬೇಕಾದವನು ನೀನೇ."